ಮಿಕ್ಕ ಒಂಬತ್ತು

ಅವೇರೊದ ಟೈಲು ಕಾರ್ಖಾನೆ ಮುಚ್ಚುವ ವಾರ
ದಾಸ್ತಾನು ಎಣಿಸುವುದು ನನ್ನ ಪಾಲಿಗೆ ಬಂತು.
ಮೂರು ದಿನ, ನಾಲ್ಕು ಗೋದಾಮು, ಒಂದು ಪೆನ್ಸಿಲ್ಲು.
ಕೊನೆಗೆ ಸಿಕ್ಕ ಮೊತ್ತ
ಹತ್ತು ಲಕ್ಷದ ಒಂಬತ್ತು.

"ತಪ್ಪಿದ್ದೀಯ ಫಿರ್ಮಿನೊ, ಒಂಬತ್ತು ಎಲ್ಲಿಂದ ಬಂತು?" ಅಂದ ಧಣಿ.
ಮತ್ತೆ ಎಣಿಸಿದೆ. ಒಂಬತ್ತು ಅಲ್ಲೇ ಇತ್ತು,
ಪಂಕ್ತಿ ಎದ್ದ ಮೇಲೂ ಕೂತೇ ಇರುವ ನೆಂಟನ ಹಾಗೆ.

ಮೆರುಗು ಹಚ್ಚುವ ಜುಲ್ಮೀರಾ ಸುದ್ದಿ ಕೇಳಿ
ಒಡೆದ ಬಿಲ್ಲೆಯೊಂದರ ಬೆನ್ನ ಮೇಲೆ
ಸೀಮೆಸುಣ್ಣದಲ್ಲಿ ಅಂಕಿ ಬರೆದಳು.
ಆವಿಗೆ ಆರಿತ್ತು. ಕೈಗೆ ಕೆಲಸವಿರಲಿಲ್ಲ,
ರಾತ್ರಿಶಾಲೆಯಲ್ಲಿ ಕಲಿತ ಭಾಗಾಕಾರವಿತ್ತು.
"ಇಷ್ಟನ್ನೂ ಒಂದೇ ಗೋಡೆಗೆ ಅಂಟಿಸಬಹುದೋ,
ಅಡ್ಡಸಾಲೂ ತುಂಬಿ ಉದ್ದಸಾಲೂ ತುಂಬಿ, ಒಂದೂ ಮಿಗದಂತೆ?
ಅಷ್ಟು ಹೇಳಲಿ ಇದು, ಸಾಕು."

ಬೆಸ. ಎರಡಕ್ಕೆ ಮಣಿಯದು.
ಅಂಕಿ ಕೂಡಿದರೆ ಹತ್ತು; ಮೂರಕ್ಕೂ ದಕ್ಕದು.
ಏಳು ಮೂರನ್ನು ಉಳಿಸಿತು, ಹನ್ನೊಂದು ಹತ್ತನ್ನು,
ಹದಿಮೂರೂ ಹತ್ತನ್ನೇ.
ಹದಿನೇಳಕ್ಕೆ ಬಂದಾಗ ಉಸಿರು ಹಿಡಿದೆವು: ಶೇಷ ಒಂದು.
ಹತ್ತೊಂಬತ್ತಕ್ಕೂ ಒಂದು!
ಒಂದೇ ಒಂದು ಬಿಲ್ಲೆ ಜೇಬಿಗಿಳಿಸಿದರೆ
ಎರಡೂ ಬಾಗಿಲು ತೆರೆದಾವು, ಎಂದೆ.
"ಕಳ್ಳಲೆಕ್ಕ" ಅಂದಳು.

ಉಪ್ಪಿನ ಗದ್ದೆಗಳ ಕಡೆಯಿಂದ ಗಾಳಿ.
ಅವಿಭಾಜ್ಯಗಳನ್ನು ಒಂದೊಂದಾಗಿ ಕರೆದು, ಕೇಳಿ, ಕಳಿಸಿ
ಇನ್ನೂರ ಎಂಬತ್ತಮೂರರ ಹೊತ್ತಿಗೆ ಕತ್ತಲಾಯಿತು.
ಅರವತ್ತೊಂದು ಮಂದಿ. ಒಬ್ಬರಿಗೂ ಒಗ್ಗಲಿಲ್ಲ.
"ಒಂಟಿ ಇದು, ಹುಟ್ಟಾ ಒಂಟಿ, ಬಿಡು"
ಎಂದು ಸುಣ್ಣ ಕೆಳಗಿಟ್ಟಳು.

ಬೆಳಿಗ್ಗೆ ಆಲ್ಬರ್ಟೀನೊ, ಆವಿಗೆಗೆ ಉರಿ ಹಾಕುವವನು, ಮಾತು ಕಮ್ಮಿ,
ಬಂದು ಹೇಳಿದ: ಗೋಡೆ ಬೇಡ, ಅಂಗಳ ಮಾಡು. ಎರಡು ಚೌಕ.
ಪಕ್ಕಕ್ಕೆ ಸಾವಿರದ್ದೊಂದು, ಅದು ಯಾರಿಗೂ ಕಾಣುತ್ತದೆ;
ಮಿಕ್ಕವಕ್ಕೆ ಮೂರು ಮೂರರ ಪುಟ್ಟ ಮೂಲೆ.
"ಇನ್ನೊಂದು ಬಗೆಯಲ್ಲೂ ಬರುತ್ತದೆ." ಕಣ್ಣು ಕೆಂಪಗಿತ್ತು.
ಸಾವಿರದಿಂದ ಇಪ್ಪತ್ತೆಂಟು ಮೆಟ್ಟಿಲು ಇಳಿದಿದ್ದ, ರಾತ್ರಿಯಿಡೀ:
ಒಂಬೈನೂರ ಎಪ್ಪತ್ತೆರಡರದು ಒಂದು ಚೌಕ,
ಇನ್ನೂರ ಮೂವತ್ತೈದರದು ಇನ್ನೊಂದು.

ಜುಲ್ಮೀರಾ ಗುಣಿಸಿದಳು, ಕೂಡಿದಳು, ಜೋರಾಗಿ ನಕ್ಕಳು.
ಅವಿಭಾಜ್ಯವಾದದ್ದು ಎರಡು ಚೌಕವಾಗಿ ಮುರಿದರೂ
ಒಂದೇ ಬಗೆಯಲ್ಲಿ ಮುರಿದೀತು.
ಇದಕ್ಕೆ ಎರಡು ಬಿರುಕು. ಅಂದರೆ ಒಳಗೆಲ್ಲೋ ಟೊಳ್ಳು ದನಿ,
ಗೆಣ್ಣಿನಿಂದ ತಟ್ಟಿದಾಗ ಬೇಯದ ಬಿಲ್ಲೆ ಕೊಡುವಂಥದು.
ಕಳೆದು, ಕೂಡಿ, ಎರಡಕ್ಕೂ ಸಮನಾದುದನ್ನು ಹೊಡೆದು ಹಾಕಿದರೆ
ಉಳಿದದ್ದು ಹದಿನೇಳರ ವರ್ಗ, ಎರಡರ ವರ್ಗ:
ಇನ್ನೂರ ತೊಂಬತ್ತಮೂರು.

ನಿನ್ನೆ ಸುಣ್ಣ ಕೆಳಗಿಟ್ಟ ಜಾಗದ ಪಕ್ಕದ ಬಾಗಿಲು.
ಅರವತ್ತೆರಡನೆಯದು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇನ್ನೂರ ತೊಂಬತ್ತಮೂರು ಎತ್ತರ,
ಮೂರು ಸಾವಿರದ ನಾನೂರ ಹದಿಮೂರು ಉದ್ದ.
ಅಷ್ಟು ದೊಡ್ಡ ಗೋಡೆ ಈ ಊರಲ್ಲಿಲ್ಲ, ಬೇರೆ ಗೋಡೆ ಈ ಸಂಖ್ಯೆಗಿಲ್ಲ,
ಒಂದೇ ಸಾಲಿನ ಗೆರೆಯೊಂದನ್ನು ಬಿಟ್ಟರೆ.
ತನ್ನನ್ನು ಬಿಟ್ಟು ಭಾಜಕಗಳೆಲ್ಲ ಕೂಡಿದರೂ
ಮೂರು ಸಾವಿರದ ಏಳುನೂರ ಏಳು.
ಹತ್ತು ಲಕ್ಷದ ಮನೆಗೆ ಇಷ್ಟೇ ಬಂಧುಬಳಗ!
ಕೊರತೆಯ ಸಂಖ್ಯೆ ಅನ್ನುತ್ತಾರಂತೆ ಇಂಥದಕ್ಕೆ.
ಆಲ್ಬರ್ಟೀನೊ ತನ್ನ ಬೂಟು ನೋಡಿಕೊಂಡ.

ಶುಕ್ರವಾರ ಲಾರಿಗಳು ಬಂದವು. ಕೊಳ್ಳುವವನಿಗೆ ಬೇಕಾದದ್ದು
ದುಂಡನೆಯ ಹತ್ತು ಲಕ್ಷ:
ಆರು ಎರಡು, ಆರು ಐದು,
ಯಾರು ಮುಟ್ಟಿದರೂ ಬಿಚ್ಚಿಕೊಳ್ಳುವ ಸಾಧು ಸಂಖ್ಯೆ.
ಒಂಬತ್ತರ ಮುಂದೆ 'ಒಡೆದವು' ಎಂದು ಬರೆದೆ.
ನನ್ನ ಮೂವತ್ತು ವರ್ಷದ ಖಾತೆಯಲ್ಲಿ ಅದೊಂದೇ ಸುಳ್ಳು.

ಈಗ ಅವು ಜುಲ್ಮೀರಾಳ ಅಡುಗೆಮನೆಯಲ್ಲಿ, ನಲ್ಲಿಯ ಮೇಲೆ.
ಕಳ್ಳಲೆಕ್ಕವಲ್ಲವೇ, ಎಂದೆ.
ಶೇಷ, ಎಂದಳು.
ಮೂರು ಸಾಲು, ಮೂರು ಮೂರು. ಮಧ್ಯದ್ದು ಕೊಂಚ ಓರೆ.
ಆಲ್ಬರ್ಟೀನೊ ಅಂಟಿಸಿದ್ದಂತೆ.